ನಮ್ಮ ಅಂಗಳದ ಶೇಂಗಾ, ಲೋಕದ ಅಳತೆಗೋಲು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಷ್ಟ್ರ ರಾಷ್ಟ್ರಗಳ ಸಹಕಾರವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಸ್ವಲ್ಪ ಹಿಂಜರಿದೆವು. ಇಂಥ ವಿಷಯದ ಮೇಲೆ ಮಾತನಾಡುವವನು ಬಹುಬೇಗ ಮುಗಿಲಿಗೆ ಏರಿಬಿಡುತ್ತಾನೆ. ಕೇಳುವವರು ನೆಲದ ಮೇಲೆಯೇ ಉಳಿದುಬಿಡುತ್ತಾರೆ. ಆದುದರಿಂದ ನೆಲದೊಳಗೆ ಬೆಳೆಯುವ ಒಂದು ವಸ್ತುವನ್ನೇ ಕೈಯಲ್ಲಿ ಹಿಡಿದುಕೊಂಡು ಬಂದಿದ್ದೇವೆ. ಅದು ಶೇಂಗಾ. ಜೋಳದ ರೊಟ್ಟಿಯ ಮಗ್ಗುಲಲ್ಲಿ ಹಿಂಡಿಯಾಗಿ, ಹಬ್ಬದ ದಿನ ಹೋಳಿಗೆಯಾಗಿ, ಶಾಲೆಗೆ ಬರುವ ಹುಡುಗನ ಜೇಬಿನಲ್ಲಿ ಹುರಿದ ಕಾಳಾಗಿ ಇರುವ ಈ ಶೇಂಗಾದ ಹಿಂದೆ ಲೋಕದ ಹಲವು ದೇಶಗಳ ಕಥೆ ಇದೆ. ಆ ಕಥೆ ನಮ್ಮ ಮಕ್ಕಳ ಹೊಟ್ಟೆಗೆ ಸಂಬಂಧಿಸಿದ್ದು.

ನಮ್ಮದು ಗಡಿಗಳ ನಾಡು. ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ವಾಲ ತಾಲೂಕು 1956ರ ತನಕ ರಾಯಚೂರು ಜಿಲ್ಲೆಯಲ್ಲಿದ್ದಿತು. ಆ ವರ್ಷದ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ವಿಂಗಡವಾದಾಗ ರಾಯಚೂರು ಮೈಸೂರು ರಾಜ್ಯಕ್ಕೂ ಗದ್ವಾಲ ಆಂಧ್ರಪ್ರದೇಶಕ್ಕೂ ಸೇರಿದವು. 2014ರಲ್ಲಿ ತೆಲಂಗಾಣ ಬಂದಿತು. 2019ರಲ್ಲಿ ನಾರಾಯಣಪೇಟೆ ತಾನೇ ಒಂದು ಜಿಲ್ಲೆಯಾಯಿತು. ಇಷ್ಟೆಲ್ಲ ಗೆರೆ ಎಳೆದರೂ ಕೃಷ್ಣೆ ಹರಿಯುವುದನ್ನು ನಿಲ್ಲಿಸಲಿಲ್ಲ, ಬೀಗರು ಬರುವುದನ್ನು ಬಿಡಲಿಲ್ಲ. ಬೆಳೆಯ ರೋಗಗಳೂ ಹಾಗೆಯೇ. ತೊಗರಿಯ ಸೊರಗು ರೋಗ ಗಡಿಯ ಕಲ್ಲನ್ನು ಓದುವುದಿಲ್ಲ. ಸಂತೋಷದ ಸಂಗತಿಯೆಂದರೆ ಮದ್ದೂ ಅದನ್ನು ಓದುವುದಿಲ್ಲ. 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ ‘ಮಾರುತಿ’ ಎಂಬ ತೊಗರಿ ತಳಿ ಸೊರಗು ರೋಗವನ್ನು ತಡೆದುಕೊಂಡು ನಿಲ್ಲುವಂಥದು. ಅದು ಸೇರು ಅಚ್ಚೇರುಗಳ ಲೆಕ್ಕದಲ್ಲಿ ಕೈಯಿಂದ ಕೈಗೆ ದಾಟುತ್ತ ನೆರೆಯ ರಾಜ್ಯಗಳ ಹೊಲಗಳಿಗೂ ಹಬ್ಬಿತು. ಆ ತಳಿಯನ್ನು ಆರಿಸಿ ತೆಗೆದ ಸಂಸ್ಥೆಯ ಹೆಸರು ಮುಂದೆ ಬರುತ್ತದೆ.

ರೋಗವೂ ಮದ್ದೂ ದೇಶದಿಂದ ದೇಶಕ್ಕೆ ಹೋಗುವ ಬಗೆಯನ್ನು ತೋರಿಸಲು ಒಂದು ಹಳೆಯ ಸಂಗತಿಯನ್ನು ಹೇಳಬೇಕು. ನಮ್ಮ ಅಜ್ಜಂದಿರು ‘ದೊಡ್ಡ ರೋಗ’ ಎಂದು ಕರೆಯುತ್ತಿದ್ದ ದನಗಳ ಬೇನೆ ಒಂದಿತ್ತು. ಹಟ್ಟಿಗೆ ಅದು ಹೊಕ್ಕರೆ ಕೆಲವು ದಿನಗಳಲ್ಲಿ ಹಟ್ಟಿಯೇ ಬರಿದಾಗುತ್ತಿತ್ತು. ಎತ್ತು ಸತ್ತ ಮನೆಯಲ್ಲಿ ಆ ವರ್ಷ ಬಿತ್ತನೆಯೂ ಇಲ್ಲ. 1920ರಲ್ಲಿ ಹೆಗಲ ಮೇಲೆ ಡುಬ್ಬವುಳ್ಳ ನಮ್ಮ ಭಾರತದ ದನಗಳನ್ನು ಹಡಗಿನಲ್ಲಿ ಬ್ರಜಿಲ್ ದೇಶಕ್ಕೆ ಸಾಗಿಸುತ್ತಿದ್ದರು. ದಾರಿಯಲ್ಲಿ ಅವು ಬೆಲ್ಜಿಯಮಿನ ಆಂಟ್ವರ್ಪ್ ಬಂದರಿನಲ್ಲಿ ಇಳಿದವು. ಅವುಗಳೊಡನೆ ದೊಡ್ಡ ರೋಗವೂ ಇಳಿಯಿತು. ಬೆಲ್ಜಿಯಮಿನ ದನಗಳು ಸಾಯತೊಡಗಿದವು. ಯುರೋಪಿನ ಸರಕಾರಗಳು ಗಾಬರಿಗೊಂಡು 1921ರಲ್ಲಿ ಪ್ಯಾರಿಸಿನಲ್ಲಿ ಸಭೆ ಸೇರಿದವು. 1924ರ ಜನವರಿ 25ರಂದು 28 ದೇಶಗಳು ಒಪ್ಪಂದಕ್ಕೆ ಸಹಿ ಹಾಕಿ ಪ್ರಾಣಿ ಆರೋಗ್ಯಕ್ಕಾಗಿಯೇ ಒಂದು ಅಂತರರಾಷ್ಟ್ರೀಯ ಸಂಸ್ಥೆಯನ್ನು ಕಟ್ಟಿದವು. ಅದು ಈಗಲೂ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯೆಂದು ನಡೆದಿದೆ. ವಿಶ್ವಸಂಸ್ಥೆ ಹುಟ್ಟುವುದಕ್ಕಿಂತ ಎರಡು ದಶಕ ಮೊದಲೇ ದನದ ಬೇನೆ ಮನುಷ್ಯರನ್ನು ಒಂದೇ ಮೇಜಿನ ಸುತ್ತ ಕೂರಿಸಿತ್ತು!

ಮರುವರ್ಷ, 1925ರಲ್ಲಿ, ಬೆಂಗಳೂರಿನಲ್ಲಿ ಇದೇ ರೋಗಕ್ಕೆ ಮದ್ದು ತಯಾರಿಸಲೆಂದು ಮೈಸೂರು ಸೀರಂ ಸಂಸ್ಥೆ ಹುಟ್ಟಿತು. ಸ್ವತಂತ್ರ ಭಾರತ 1954ರಲ್ಲಿ ದೇಶದಾದ್ಯಂತ ದನಗಳಿಗೆ ಲಸಿಕೆ ಹಾಕುವ ಕಾರ್ಯವನ್ನು ಕೈಗೊಂಡಿತು. ಅತ್ತ ಕೀನ್ಯಾ ದೇಶದಲ್ಲಿ ವಾಲ್ಟರ್ ಪ್ಲೌರೈಟ್ ಎಂಬ ವಿಜ್ಞಾನಿ ಇನ್ನೂ ಉತ್ತಮವಾದ ಲಸಿಕೆಯನ್ನು ಸಿದ್ಧಪಡಿಸಿದರು. ಭಾರತದಲ್ಲಿ ಕೊನೆಯದಾಗಿ ಈ ರೋಗ ಕಂಡದ್ದು 1995ರಲ್ಲಿ. 2011ರಲ್ಲಿ ಲೋಕದಿಂದಲೇ ಅದು ನಿರ್ಮೂಲವಾಯಿತೆಂದು ಸಾರಲಾಯಿತು. ಮನುಷ್ಯರ ಸಿಡುಬನ್ನು ಬಿಟ್ಟರೆ ಹೀಗೆ ಬೇರುಸಹಿತ ಹೋದ ರೋಗ ಇದೊಂದೇ. ಇಲ್ಲಿ ಕುಳಿತ ಮಕ್ಕಳಲ್ಲಿ ಯಾರೂ ದೊಡ್ಡ ರೋಗವನ್ನು ಕಂಡಿಲ್ಲ, ಕಾಣುವುದೂ ಇಲ್ಲ. ಒಂದು ದೇಶ ತಾನೊಂದೇ ಹೊಡೆದಾಡಿ ಇದನ್ನು ಸಾಧಿಸಬಹುದಾಗಿತ್ತೇ? ಪಕ್ಕದ ದೇಶದಲ್ಲಿ ಒಂದು ಹಟ್ಟಿ ಉಳಿದಿದ್ದರೂ ಸಾಕು, ರೋಗ ಮರಳಿ ಬರುತ್ತಿತ್ತು.

ಇರಲಿ, ಶೇಂಗಾಕ್ಕೆ ಬರೋಣ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಯ ಮರಿಗಳು ಸತ್ತವು. ಕಾರಣ ತಿಳಿಯದೆ ಜನರು ಅದಕ್ಕೆ ‘ಎಕ್ಸ್ ರೋಗ’ ಎಂದು ಹೆಸರಿಟ್ಟರು. ಬೀಜಗಣಿತದಲ್ಲಿ ಬೆಲೆ ತಿಳಿಯದ ರಾಶಿಗೆ ಎಕ್ಸ್ ಎನ್ನುವಂತೆ! ಹುಡುಕುತ್ತ ಹೋದಾಗ ತಪ್ಪು ಮರಿಗಳದಲ್ಲ, ಮೇವಿನದು ಎಂದು ತಿಳಿಯಿತು. ಆ ಮೇವಿನಲ್ಲಿ ಬ್ರಜಿಲಿನಿಂದ ತರಿಸಿದ ಶೇಂಗಾ ಹಿಂಡಿ ಬೆರೆತಿತ್ತು. ಆ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆದು, ಒಂದು ವಿಷವನ್ನು ಬಿಟ್ಟಿತ್ತು. ಬೂಷ್ಟಿನ ಹೆಸರನ್ನೇ ಕತ್ತರಿಸಿ ಜೋಡಿಸಿ ವಿಜ್ಞಾನಿಗಳು ಆ ವಿಷವನ್ನು ‘ಅಫ್ಲಾಟಾಕ್ಸಿನ್’ ಎಂದು ಕರೆದರು. 1920ರಲ್ಲಿ ಭಾರತದಿಂದ ಬ್ರಜಿಲಿಗೆ ಹೊರಟ ದನಗಳಿಂದ ಬೆಲ್ಜಿಯಂ ನೊಂದಿತು. 1960ರಲ್ಲಿ ಬ್ರಜಿಲಿನಿಂದ ಹೊರಟ ಹಿಂಡಿಯಿಂದ ಇಂಗ್ಲೆಂಡ್ ನೊಂದಿತು. ಹಡಗುಗಳು ಸರಕನ್ನಷ್ಟೇ ಹೊರುವುದಿಲ್ಲವೆಂದು ಲೋಕ ಎರಡು ಸಲ ಪಾಠ ಕಲಿತಂತಾಯಿತು.

ಕೋಳಿಮರಿಗಳ ಮಾತು ನಮಗೇಕೆಂದು ಯಾರಾದರೂ ಕೇಳಿಯಾರು. ಮನುಷ್ಯರ ಮಾತನ್ನೂ ಹೇಳಬೇಕಾಗಿದೆ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ ಪ್ರದೇಶಗಳಲ್ಲಿ ಅಕಾಲದ ಮಳೆ ಸುರಿಯಿತು. ಮೆಕ್ಕೆಜೋಳದ ತೆನೆಗಳು ನೆನೆದವು. ಅವು ಒಣಗುವ ಮೊದಲೇ ಮನೆಯೊಳಗೆ ಸೇರಿದವು. ಬಡವರಾದ ಅಲ್ಲಿಯ ಜನರಿಗೆ ಬೇರೆ ಧಾನ್ಯವಿರಲಿಲ್ಲ. ಬೂಷ್ಟು ಹಿಡಿದುದನ್ನೇ ಬೀಸಿ ರೊಟ್ಟಿ ಮಾಡಿ ಉಂಡರು. ಕಣ್ಣು ಹಳದಿಯಾಗಿ, ಹೊಟ್ಟೆ ಉಬ್ಬಿ, 397 ಜನ ಕಾಯಿಲೆ ಬಿದ್ದರು. 106 ಜನ ತೀರಿಕೊಂಡರು. ಅದೇ ಅನ್ನವನ್ನು ತಿಂದ ನಾಯಿಗಳೂ ಸತ್ತವು. ಈ ಸಾವುಗಳ ಕಾರಣವನ್ನು ಹುಡುಕಿ ಲೋಕಕ್ಕೆ ತಿಳಿಸಿದವರು ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವೈದ್ಯರು. ಮೂವತ್ತು ವರ್ಷಗಳ ತರುವಾಯ, 2004ರಲ್ಲಿ, ಕೀನ್ಯಾದಲ್ಲಿ ಇದೇ ಬಗೆಯಾಗಿ ಮೆಕ್ಕೆಜೋಳ ತಿಂದು 125 ಜನ ಸತ್ತರು.

ಹೆದರಿಸುವುದು ನಮ್ಮ ಉದ್ದೇಶವಲ್ಲ. ಇಂಥ ದುರಂತಗಳು ಅಪರೂಪ. ಒಂದು ಕೆಟ್ಟ ಕಾಳು ತಿಂದ ಮಾತ್ರಕ್ಕೆ ಯಾರೂ ಕಾಯಿಲೆ ಬೀಳುವುದಿಲ್ಲ. ಈ ವಿಷದ ಕೆಡುಕು ಮೆಲ್ಲನೆಯದು. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಒಳಗೆ ಹೋದರೆ ಅದು ಯಕೃತ್ತನ್ನು ಕೆಡಿಸುತ್ತದೆ. ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳಲ್ಲಿ ಅದೂ ಒಂದೆಂದು ಸಿದ್ಧವಾಗಿದೆ. ಮಕ್ಕಳ ಬೆಳವಣಿಗೆ ಕುಂಠಿತವಾಗುವುದಕ್ಕೂ ಇದಕ್ಕೂ ನಂಟಿದೆಯೆಂದು ಬೆನಿನ್, ಟೋಗೋ ಎಂಬ ಆಫ್ರಿಕದ ದೇಶಗಳಲ್ಲಿ ನಡೆದ ಪರಿಶೀಲನೆಗಳು ಸೂಚಿಸಿವೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹುರಿದರೂ ಬೇಯಿಸಿದರೂ ಪೂರ್ತಿಯಾಗಿ ಹೋಗುವುದಿಲ್ಲ. ಒಲೆಯ ಮೇಲೆ ನಮ್ಮ ತಾಯಂದಿರಿಗೆ ಇರುವ ನಂಬಿಕೆ ದೊಡ್ಡದು. ಈ ಒಂದು ವಿಷಯದಲ್ಲಿ ಮಾತ್ರ ಆ ನಂಬಿಕೆ ಸಲ್ಲದು.

ಇಂಥ ವಿಷಗಳಿಗೆ ಒಂದು ಮಿತಿಯನ್ನು ಗೊತ್ತುಮಾಡುವವರು ಯಾರು? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳು ಕೂಡಿ ‘ಕೋಡೆಕ್ಸ್’ ಎಂಬ ಆಹಾರ ಸಂಹಿತೆಯ ಆಯೋಗವನ್ನು ನಡೆಸುತ್ತವೆ. 1963ರಲ್ಲಿ ಅದು ಮೊದಲ ಸಲ ಕೂಡಿತು. 1964ರಲ್ಲಿ ಭಾರತ ಅದರ ಸದಸ್ಯವಾಯಿತು. ಮುಂದಿನ ಸಂಸ್ಕರಣಕ್ಕೆ ಹೋಗುವ ಶೇಂಗಾದಲ್ಲಿ ಕಿಲೋ ಒಂದಕ್ಕೆ 15 ಮೈಕ್ರೋಗ್ರಾಂ ಅಫ್ಲಾಟಾಕ್ಸಿನ್ ಮೀರಕೂಡದೆಂದು ಅದು ವಿಧಿಸಿದೆ. ನಮ್ಮ ದೇಶದ ಕಾನೂನೂ ಅದೇ ಅಂಕವನ್ನು ಹೇಳುತ್ತದೆ. ಮೈಕ್ರೋಗ್ರಾಂ ಎಂದರೆ ಎಷ್ಟೆಂದು ಮಕ್ಕಳು ಕೇಳಬಹುದು. ಹತ್ತು ಸಾವಿರ ಕ್ವಿಂಟಲ್ ಶೇಂಗಾವನ್ನು ಒಂದೆಡೆ ರಾಶಿ ಹಾಕಿರಿ; ಆ ಗುಡ್ಡದೊಳಗೆ ಎಲ್ಲ ಸೇರಿ ಇರಬಹುದಾದ ವಿಷ 15 ಗ್ರಾಂ ಮಾತ್ರ. ಯುರೋಪಿನ ಒಕ್ಕೂಟದವರು ಇನ್ನೂ ಬಿಗಿ: ನೇರವಾಗಿ ತಿನ್ನುವ ಶೇಂಗಾದಲ್ಲಿ ಅವರ ಮಿತಿ 4 ಮೈಕ್ರೋಗ್ರಾಂ. ಆದುದರಿಂದ ಯುರೋಪಿಗೆ ಹೋಗುವ ಭಾರತದ ಶೇಂಗಾ ಮೊದಲು ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪ್ರಮಾಣಪತ್ರವನ್ನು ಪಡೆದು ಹಡಗನ್ನು ಏರಬೇಕು. ಒಂದೇ ದೇವರು ಸೃಷ್ಟಿಸಿದ ಹೊಟ್ಟೆಗಳಿಗೆ ಬೇರೆ ಬೇರೆ ಅಂಕಗಳೇಕೆ ಎಂಬ ಪ್ರಶ್ನೆ ನಮಗೂ ಬಂದಿದೆ. ಅದರಲ್ಲಿ ವಿಜ್ಞಾನವೂ ಇದೆ, ಕೊಳ್ಳುವವನ ಕೈ ಮೇಲಾಗಿರುವುದೂ ಇದೆ.

ಈ ಅಂಕಗಳನ್ನು ಓದಿಕೊಂಡು ನಾವು ಬಹುಕಾಲ ನೆಮ್ಮದಿಯಿಂದಿದ್ದೆವು. ದೊಡ್ಡವರು ದೊಡ್ಡ ಊರುಗಳಲ್ಲಿ ಕುಳಿತು ಎಲ್ಲವನ್ನೂ ನೋಡಿಕೊಳ್ಳುತ್ತಾರೆಂದು ಭಾವಿಸಿದ್ದೆವು. ಒಂದು ಮಧ್ಯಾಹ್ನ ಆ ನೆಮ್ಮದಿ ಹೋಯಿತು. ನಾಲ್ಕು ದಿನ ಶಾಲೆಗೆ ಬಾರದ ಹುಡುಗನೊಬ್ಬನನ್ನು ವಿಚಾರಿಸಲೆಂದು ಅವನ ಮನೆಗೆ ಹೋಗಿದ್ದೆವು. ಹುಡುಗನಿಗೆ ಬರಿಯ ನೆಗಡಿ, ಜ್ವರ, ಅದಲ್ಲ ವಿಷಯ. ಅವನ ತಾಯಿ ಪಡಸಾಲೆಯಲ್ಲಿ ಮೊರವನ್ನು ಹಿಡಿದು ಶೇಂಗಾ ಹಸನು ಮಾಡುತ್ತಿದ್ದರು. ಎದುರಿಗೆ ಎರಡು ರಾಶಿ. ಒಂದರಲ್ಲಿ ದುಂಡಗಿನ, ಕೆಂಪು ಮೈಯ, ನೋಡಿದರೆ ತಿನ್ನಬೇಕೆನಿಸುವ ಕಾಳು. ಇನ್ನೊಂದರಲ್ಲಿ ಸುಕ್ಕಿದವು, ಮುರಿದವು, ಹುಳು ಕೊರೆದವು, ನಡುನಡುವೆ ಹಸಿರು ಹಳದಿ ಪುಡಿ ಮೆತ್ತಿದವು. ಆ ಎರಡನೆಯ ರಾಶಿ ಏತಕ್ಕೆಂದು ಕೇಳಿದೆವು. ಆ ತಾಯಿ ನಕ್ಕು, “ಚಲೋ ಕಾಳು ಪ್ಯಾಟಿಗಿ ಹೋಗ್ತಾವ್ರಿ ಸರ, ಉಳಿದಿದ್ದು ನಮಗ, ಹಿಂಡಿ ಕುಟ್ಟತೀನಿ” ಎಂದರು.

ಅವರು ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ. ನಮ್ಮ ತಾಯಿಯೂ ಹಾಗೆಯೇ ಮಾಡುತ್ತಿದ್ದಳು. ಆ ಹಿಂಡಿಯನ್ನು ಉಂಡೇ ನಾವು ಬೆಳೆದೆವು. ಖಾರ ಬೆಳ್ಳುಳ್ಳಿ ಹೆಚ್ಚಾಗಿ ಹಾಕಿದರೆ ಮುಗ್ಗಿದ ರುಚಿ ತಿಳಿಯುವುದಿಲ್ಲ. ಒಕ್ಕಲುತನದ ಮನೆಯಲ್ಲಿ ಕಾಳನ್ನು ಚೆಲ್ಲುವುದು ಪಾಪ. ಆ ಭಾವನೆಯನ್ನು ನಾವು ಹೀಗಳೆಯಲಾರೆವು. ಆದರೆ ಆ ದಿನ ಮನೆಗೆ ಮರಳುವಾಗ ಒಂದು ಮಾತು ನಮ್ಮನ್ನು ಬಿಡದೆ ಕಾಡಿತು. ಪೇಟೆಗೆ ಹೋಗುವ ಕಾಳನ್ನು ಅಡತಿಯವನು ನೋಡುತ್ತಾನೆ, ವ್ಯಾಪಾರಿ ನೋಡುತ್ತಾನೆ, ಹಡಗನ್ನು ಹತ್ತುವುದಾದರೆ ಪ್ರಯೋಗಶಾಲೆಯೂ ನೋಡುತ್ತದೆ. ನೆಲದ ಮೇಲೆ ಉಳಿದ ಎರಡನೆಯ ರಾಶಿಯನ್ನು ಯಾರೂ ನೋಡುವುದಿಲ್ಲ. ಲೋಕದ ದೇಶಗಳೆಲ್ಲ ಕೂಡಿ ಮಾಡಿದ ಅಳತೆಗೋಲು ಲಂಡನ್ನಿನ ಮಗುವಿನ ತನಕ ಮುಟ್ಟುತ್ತದೆ. ಬೆಳೆದವನ ಮಗುವಿನ ತಟ್ಟೆಗೆ ಬರುವಾಗ ಗಿಡ್ಡವಾಗುತ್ತದೆ. ಬೇಡವೆಂದು ಬೇರ್ಪಡಿಸಿದ್ದೆಲ್ಲ ಅದೇ ತಟ್ಟೆಗೆ ಬಂದು ಸೇರುತ್ತದೆ. ಇದರಲ್ಲಿ ಆ ತಾಯಿಯ ತಪ್ಪೇನೂ ಇಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಅಕ್ಷರ ಕಲಿತ ನಾವು ಹೇಳಿರಲಿಲ್ಲ.

ಹೇಳಬೇಕಾದ ವಿದ್ಯೆಯೂ ದೂರದಲ್ಲೇನೂ ಇರಲಿಲ್ಲ. ಹೈದರಾಬಾದಿನ ಬಳಿ ಪಟಾನ್‌ಚೆರುವಿನಲ್ಲಿ 1972ರಲ್ಲಿ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನ ಸಂಸ್ಥೆ ಸ್ಥಾಪಿತವಾಯಿತು. ನಮ್ಮಂಥ ಮಳೆಯಾಶ್ರಿತ ಒಣಭೂಮಿಯ ಬೆಳೆಗಳೇ ಅದರ ಕೆಲಸ: ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ. ಮೊದಲು ಹೇಳಿದ ‘ಮಾರುತಿ’ ತೊಗರಿಯನ್ನು ಆರಿಸಿದವರು ಇವರೇ. ಅಲ್ಲಿಯ ಬೀಜಭಂಡಾರದಲ್ಲಿ ತೊಂಬತ್ತಕ್ಕೂ ಹೆಚ್ಚು ದೇಶಗಳಿಂದ ತಂದ 15,000ಕ್ಕೂ ಮಿಕ್ಕಿದ ಶೇಂಗಾ ಮಾದರಿಗಳಿವೆ. ಶೇಂಗಾ ಮೂಲತಃ ದಕ್ಷಿಣ ಅಮೆರಿಕದ ಬೆಳೆ. ಅದರ ನೆಂಟರಿಷ್ಟರೆಲ್ಲ ಈಗ ನಮ್ಮ ರಾಜ್ಯದಲ್ಲಿ ಒಂದೇ ಸೂರಿನಡಿ ಕೂಡಿದ್ದಾರೆ ಎನ್ನಬಹುದು!

ಅಫ್ಲಾಟಾಕ್ಸಿನ್ನಿನ ಪರೀಕ್ಷೆ ಮೊದಲು ಬಹಳ ದುಬಾರಿಯದಾಗಿತ್ತು. ದೊಡ್ಡ ಯಂತ್ರಗಳು, ಪರದೇಶದಿಂದ ತರಿಸಬೇಕಾದ ರಾಸಾಯನಿಕಗಳು. ಪಟಾನ್‌ಚೆರುವಿನ ವಿಜ್ಞಾನಿಗಳು ‘ಎಲೈಸಾ’ ಎಂಬ ಕ್ರಮದಲ್ಲಿ ಅಗ್ಗದ ಪರೀಕ್ಷೆಯೊಂದನ್ನು ರೂಪಿಸಿದರು. ಅದು ಆಫ್ರಿಕದ ಮಲಾವಿ ದೇಶಕ್ಕೆ ಹೋಯಿತು. ಮಲಾವಿಯ ಶೇಂಗಾ ಒಂದು ಕಾಲದಲ್ಲಿ ಯುರೋಪಿನಲ್ಲಿ ಹೆಸರಾಗಿ, ಆಮೇಲೆ ಆ ಪೇಟೆಯನ್ನು ಕಳೆದುಕೊಂಡಿತ್ತು. ಅಲ್ಲಿಯ ಸಣ್ಣ ಹಿಡುವಳಿದಾರರ ರಾಷ್ಟ್ರೀಯ ಸಂಘ ಈ ಪರೀಕ್ಷೆಯನ್ನು ಕಲಿತು, ತನ್ನ ಸದಸ್ಯರ ಕಾಳನ್ನು ತಾನೇ ಪರೀಕ್ಷಿಸಿ, ಬ್ರಿಟನ್ನಿಗೆ ಮತ್ತೆ ಕಳಿಸತೊಡಗಿತು. ನಮಗೆ ಹಿಡಿಸಿದ್ದು ರಫ್ತಿನ ಮಾತಲ್ಲ. ಪರೀಕ್ಷೆ ಬಂದರನ್ನು ಬಿಟ್ಟು ರೈತರ ಸಂಘದ ಕೈಗೆ ಬಂದ ಮಾತು. ಗದ್ವಾಲ, ನಾರಾಯಣಪೇಟೆಗಳ ಮಾರುಕಟ್ಟೆಯ ಅಂಗಳದಲ್ಲಿಯೂ ರೈತನು ಒಂದು ಬೊಗಸೆ ಕಾಳು ಕೊಟ್ಟು ಚೀಟಿಯನ್ನು ಪಡೆಯುವಂತಾಗಬೇಕು. ಹಾಗೆ ಆಗಲೆಂದು ಕೇಳುವ ಹಕ್ಕು ತೆರಿಗೆ ಕೊಡುವ ನಮಗೆಲ್ಲರಿಗೂ ಇದೆ.

ಈಗ ಮನೆಯ ಮಾತು. ಈ ಬೂಷ್ಟು ಮಣ್ಣಿನಲ್ಲಿಯೇ ವಾಸಿಸುತ್ತದೆ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ನೀರು ಸಾಲದೆ ಗಿಡ ಬಾಡಿದರೆ, ನೆಲ ಕಾದರೆ, ಅದು ಕಾಯಿಯೊಳಗೆ ಹೊಗುತ್ತದೆ. ಆದುದರಿಂದ ಸಾಧ್ಯವಿದ್ದವರು ಆ ಕಾಲದಲ್ಲಿ ಒಂದು ನೀರು ಕೊಡತಕ್ಕದ್ದು. ತಿಪ್ಪೆಗೊಬ್ಬರವೂ ಹೂವಿನ ಕಾಲದಲ್ಲಿ ಹಾಕಿದ ಜಿಪ್ಸಮ್ಮೂ ಸಹಾಯ ಮಾಡುತ್ತವೆ. ಕಾಯಿ ಕೀಳುವಾಗ ಗುದ್ದಲಿಯ ಏಟು ತಿಂದ ಕಾಯಿ, ಗೆದ್ದಲು ಹತ್ತಿದ ಕಾಯಿ ಇವನ್ನು ಅಲ್ಲಿಯೇ ಬೇರೆ ಮಾಡಬೇಕು. ಕಿತ್ತ ಗಿಡಗಳನ್ನು ಹಸಿಯಾಗಿ ಬಣವೆ ಒಟ್ಟಬಾರದು. ಕಾಯಿ ಮೇಲಾಗುವಂತೆ ತಲೆಕೆಳಗೆ ಸಾಲಾಗಿ ಹಾಕಿ ಬಿಸಿಲಿಗೆ ಒಣಗಿಸಬೇಕು. ಕಾಯಿಯನ್ನು ಕಿವಿಯ ಬಳಿ ಅಲುಗಾಡಿಸಿದರೆ ಒಳಗಿನ ಕಾಳು ಗಿಲಗಿಲ ಎನ್ನಬೇಕು. ಆಗ ಒಣಗಿತೆಂದು ತಿಳಿಯಿರಿ. ನಮ್ಮಲ್ಲಿ ಹಿಂಗಾರಿ ಶೇಂಗಾ ಕೀಳುವಾಗ ಬಿಸಿಲು ಖಡಕ್ಕಾಗಿರುತ್ತದೆ. ಅದು ನಮ್ಮ ಭಾಗ್ಯ. ಆದರೆ ಅದೇ ಕಾಯಿ ಮಳೆಗಾಲವನ್ನೆಲ್ಲ ಸೋರುವ ಕೋಣೆಯಲ್ಲಿ ಕಳೆದರೆ ಆ ಭಾಗ್ಯ ನೀರುಪಾಲು. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲೆ ಇಡಬೇಕು.

ಇನ್ನೊಂದು ರೂಢಿಯಿದೆ, ಹೇಳಿದರೆ ಕೆಲವರಿಗೆ ಸಿಟ್ಟು ಬಂದೀತು. ಸಿಪ್ಪೆ ಸುಲಭವಾಗಿ ಒಡೆಯಲೆಂದು, ಕಾಳು ಮುರಿಯದಿರಲೆಂದು ಒಣಗಿದ ಕಾಯಿಗೆ ನೀರು ಚಿಮುಕಿಸುವುದು. ತೂಕ ಬರಲೆಂದು ಚಿಮುಕಿಸುವವರೂ ಉಂಟು. ತಿಂಗಳುಗಟ್ಟಲೆ ಕಷ್ಟಪಟ್ಟು ಹೊರಗಿಟ್ಟ ಕಳ್ಳನಿಗೆ ನಾವೇ ಬಾಗಿಲನ್ನು ತೆರೆದುಕೊಟ್ಟಂತೆ ಇದು. ಹಸಿಯಾದ ಕಾಳು ಚೀಲದೊಳಗೆ ಕೆಲವು ದಿನ ಕುಳಿತರೆ ಸಾಕು.

ಉಳಿದದ್ದು ಆ ಎರಡನೆಯ ರಾಶಿ. ಸುಕ್ಕಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಕಾಳುಗಳಲ್ಲಿಯೇ ವಿಷದ ಬಹುಪಾಲು ಅಡಗಿರುತ್ತದೆ. ತೀವ್ರವಾಗಿ ಸೋಂಕಿದ ಒಂದೇ ಕಾಳು ಕೆಲವು ಕಿಲೋ ಒಳ್ಳೆಯ ಕಾಳನ್ನು ಮಿತಿ ದಾಟಿಸಬಲ್ಲದು. ಆರಿಸಿದ ಮಾತ್ರಕ್ಕೆ ವಿಷವೆಲ್ಲ ಹೋಯಿತೆಂದು ಹೇಳಲಾಗದು, ಕಣ್ಣಿಗೆ ಕಾಣದ ಸೋಂಕೂ ಇರುತ್ತದೆ. ಆದರೂ ಮನೆಯಲ್ಲಿ ನಮ್ಮ ಕೈಯಲ್ಲಾಗುವ ಕೆಲಸಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. ಬೂಷ್ಟಿನ ಕಾಳನ್ನು ತಿನ್ನಬಾರದು, ಕುಟ್ಟಬಾರದು, ಗಾಣಕ್ಕೂ ಕಳಿಸಬಾರದು. ಹಾಗಾದರೆ ಎಮ್ಮೆಗೆ ಹಾಕೋಣವೇ? ಅದೂ ಕೂಡದು. ಎಮ್ಮೆ ತಿಂದ ವಿಷದ ಒಂದಂಶ ರೂಪವನ್ನು ಬದಲಿಸಿ ಹಾಲಿನಲ್ಲಿ ಇಳಿಯುತ್ತದೆ. 2018ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಊರೂರಿನ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. 368ರಲ್ಲಿ ಈ ವಿಷ ಮಿತಿ ಮೀರಿತ್ತು. ಹಾಲಿಗೆ ನೀರು ಬೆರೆಸುವವರ ಮೇಲೆ ನಮಗೆಲ್ಲ ಸಿಟ್ಟಿದೆ. ಕೆಟ್ಟ ಹಿಂಡಿ ತಿನ್ನಿಸಿದ್ದು ಅದಕ್ಕಿಂತ ಕೆಟ್ಟದ್ದೆಂದು ಎಷ್ಟು ಜನರಿಗೆ ಗೊತ್ತು? ಅಂಥ ಕಾಳನ್ನು ಮನೆಯಿಂದ ದೂರ ಗುಂಡಿ ತೋಡಿ ಹೂಳುವುದೇ ಸರಿ.

ಇದರಿಂದ ನಷ್ಟವಿಲ್ಲವೆಂದು ನಾವು ಹೇಳುವುದಿಲ್ಲ. ಮೊರದ ತುಂಬ ಕಾಳನ್ನು ಹೂಳುವುದು ಸುಲಭದ ಮಾತಲ್ಲ. ಅದರಲ್ಲಿಯೂ ದುಡಿಮೆ ಹುಡುಕಿ ಊರನ್ನು ಬಿಡುವ ಮನೆಗಳಲ್ಲಿ. ಆದರೆ ಕಾಯಿ ಚೆನ್ನಾಗಿ ಒಣಗಿದರೆ ಆ ಎರಡನೆಯ ರಾಶಿಯೇ ಸಣ್ಣದಾಗುತ್ತದೆ. ಮತ್ತೆ, ಒಳ್ಳೆಯ ರಾಶಿಯಿಂದ ಮಕ್ಕಳಿಗೆಂದು ಎರಡು ಸೇರು ಮೊದಲೇ ತೆಗೆದಿಟ್ಟು ಉಳಿದುದನ್ನು ಪೇಟೆಗೆ ಕಳಿಸಬೇಕೆಂದು ಪಾಲಕರಲ್ಲಿ ನಮ್ಮ ಬಿನ್ನಹ.

ಮಾತು ಉದ್ದವಾಯಿತು, ಹಿಂದಿನ ಸಾಲಿನ ಚಿಕ್ಕ ಮಕ್ಕಳು ಆಗಲೇ ಆಕಳಿಸುತ್ತಿದ್ದಾರೆ. ಬರುವ ಶನಿವಾರ ಬೆಳಿಗ್ಗೆ ವಿಜ್ಞಾನದ ಕೋಣೆಯಲ್ಲಿ ಉಪಾಧ್ಯಾಯರು ಶೇಂಗಾ ಆರಿಸುವ ಬಗೆಯನ್ನು ತೋರಿಸಲಿದ್ದಾರೆ. ಏಳನೆಯ ತರಗತಿಗೆ ಮೇಲ್ಪಟ್ಟ ವಿದ್ಯಾರ್ಥಿಗಳು ಮನೆಯಲ್ಲಿ ಹಿಂಡಿಗೆಂದು ಇಟ್ಟ ಶೇಂಗಾದಿಂದ ಒಂದು ಬೊಗಸೆಯಷ್ಟನ್ನು ಕಾಗದದಲ್ಲಿ ಕಟ್ಟಿ ತರತಕ್ಕದ್ದು. ದಾರಿಯಲ್ಲಿ ಬಿಚ್ಚಿ ತಿನ್ನಬಾರದು. ತಾಯಂದಿರು ಬಿಡುವು ಮಾಡಿಕೊಂಡು ಬಂದರೆ ನಮಗೆ ಬಹಳ ಸಂತೋಷ. ಮೊರಗಳನ್ನು ಮಾತ್ರ ತಾವೇ ತರಬೇಕು; ಶಾಲೆಯಲ್ಲಿರುವುದು ಒಂದೇ ಒಂದು.